ಮಲಗುವ ಕಟ್ಟೆಯ ಕೆಳಗೆ ಹಿರಿಯರು

ಟರ್ಕಿಯ ಕೊನ್ಯಾ ಬಯಲಿನಲ್ಲಿ ಒಂದು ದೊಡ್ಡ ಮಣ್ಣಿನ ದಿಬ್ಬವಿದೆ. ಹರವು ಸುಮಾರು 13 ಹೆಕ್ಟೇರ್, ಎತ್ತರ 20 ಮೀಟರಿನ ಆಸುಪಾಸು. ಆ ಮಣ್ಣೆಲ್ಲ ಮನೆಗಳದ್ದೇ. ಮನೆ ಹಳೆಯದಾದರೆ ಗೋಡೆಗಳನ್ನು ಅರ್ಧಕ್ಕೆ ತಗ್ಗಿಸಿ, ಒಳಗೆ ಮಣ್ಣು ತುಂಬಿ, ಅದೇ ಪಾಯದ ಮೇಲೆ ಹೆಚ್ಚುಕಡಿಮೆ ಅದೇ ಅಳತೆಯ ಹೊಸ ಮನೆ ಎಬ್ಬಿಸುತ್ತಿದ್ದರು. ಅದು ಹಳತಾದ ಮೇಲೆ ಅದರ ನೆತ್ತಿಯ ಮೇಲೆ ಇನ್ನೊಂದು. ಕ್ರಿ.ಪೂ. 7100ರಿಂದ 5950ರ ತನಕ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಊರಿನ ಅಂದಿನ ಹೆಸರು ಯಾರಿಗೂ ತಿಳಿಯದು. ಇಂದು ಅದನ್ನು ಚತಲ್‌ಹೊಯುಕ್ ಎನ್ನುತ್ತಾರೆ.

ಜೇಮ್ಸ್ ಮೆಲಾರ್ಟ್ ಎಂಬ ಬ್ರಿಟಿಷ್ ಪುರಾತತ್ತ್ವಜ್ಞ 1958ರಲ್ಲಿ ಇದನ್ನು ಗುರುತಿಸಿ, 1961ರಿಂದ 1965ರ ನಡುವೆ ಅಗೆದರು. ಆಮೇಲೆ ಸುಮಾರು ಮೂರು ದಶಕ ಕೆಲಸ ನಿಂತಿತು. 1993ರಲ್ಲಿ ಇಯಾನ್ ಹಾಡರ್ ಮತ್ತೆ ಶುರು ಮಾಡಿ 2018ರ ತನಕ ನಡೆಸಿದರು. ನಡುವೆ 2012ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಕಾಲದ ರೈತರು ತಮ್ಮ ಹಿರಿಯರನ್ನು ಹೇಗೆ ಕಾಣುತ್ತಿದ್ದರು ಎಂಬ ಪ್ರಶ್ನೆಗೆ ಈ ಊರನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಸ್ಮಶಾನವಿಲ್ಲ, ಅರಮನೆಯಿಲ್ಲ, ದೇವಸ್ಥಾನವೂ ಇಲ್ಲ. ಇರುವುದು ಮನೆ ಮತ್ತು ಮನೆಗಳ ನಡುವಿನ ತಿಪ್ಪೆ. ಸತ್ತವರು ಇರುವುದೂ ಮನೆಯೊಳಗೇ, ನೆಲದಡಿಯಲ್ಲಿ.

ಜನ ಎಷ್ಟಿದ್ದರು ಎಂಬ ಲೆಕ್ಕ ಬದಲಾಗುತ್ತಲೇ ಬಂದಿದೆ. ಮೊದಲು ಕೆಲವು ಸಾವಿರ ಎಂದು ಅಂದಾಜಿಸಿದ್ದರು. ಎಲ್ಲ ಮನೆಗಳೂ ಒಂದೇ ಕಾಲಕ್ಕೆ ತುಂಬಿರಲಿಲ್ಲ ಎಂಬುದನ್ನು ಗಮನಕ್ಕೆ ತೆಗೆದುಕೊಂಡ ಇತ್ತೀಚಿನ ಒಂದು ಅಂದಾಜು ಅದನ್ನು 600ರಿಂದ 800ಕ್ಕೆ ಇಳಿಸಿದೆ. ಅಂದರೆ ಬಹುತೇಕ ಎಲ್ಲರೂ ಎಲ್ಲರ ಮುಖ ಬಲ್ಲಷ್ಟು ಸಣ್ಣ ಊರು.

ಮಾಳಿಗೆಯಿಂದ ಇಳಿಯುವ ಮನೆ

ಊರಿನಲ್ಲಿ ಬೀದಿಗಳಿರಲಿಲ್ಲ. ಗೋಡೆಗೆ ಗೋಡೆ ಒತ್ತಿಕೊಂಡು ಮನೆಗಳು ನಿಂತಿದ್ದವು. ಓಡಾಟವೆಲ್ಲ ಮಣ್ಣಿನ ಮಾಳಿಗೆಗಳ ಮೇಲೆ. ಮಾಳಿಗೆಯಲ್ಲೊಂದು ಕಿಂಡಿ, ಅದರಿಂದ ಏಣಿ ಹಿಡಿದು ಒಳಗಿಳಿಯಬೇಕು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳ ಬೆಳಕಿಂಡಿಯನ್ನು ನೋಡಿದವರಿಗೆ ಚಿತ್ರ ಬೇಗ ಸಿಗುತ್ತದೆ. ಆದರೆ ಇಲ್ಲಿ ಬೆಳಕು ಬರುವುದು, ಹೊಗೆ ಹೋಗುವುದು, ಮನುಷ್ಯರು ಹತ್ತಿ ಇಳಿಯುವುದು ಎಲ್ಲಕ್ಕೂ ಅದೊಂದೇ ದಾರಿ.

ಏಣಿ ಒರಗಿಸುತ್ತಿದ್ದದ್ದು ದಕ್ಷಿಣದ ಗೋಡೆಗೆ. ಅದು ಒರಗಿ ಒರಗಿ ಮಾಡಿದ ಗುರುತು ಸಾರಣೆಯ ಮೇಲೆ ಇಂದಿಗೂ ಉಳಿದಿದೆ. ಒಲೆಯೂ ಅಲ್ಲೇ, ಹೊಗೆ ನೇರ ಕಿಂಡಿಗೆ ಹೋಗಲೆಂದು. ಆ ಭಾಗದ ನೆಲ ಬೂದಿಯಿಂದ ಕಪ್ಪಾಗಿದೆ. ಅಡುಗೆಯ ಗಡಿಗೆಗಳು ಬಳಕೆಗೆ ಬಂದದ್ದು ಕ್ರಿ.ಪೂ. 6500ರ ಸುಮಾರಿಗೆ. ಅದಕ್ಕೂ ಮುಂಚೆ ಮಣ್ಣಿನ ಉಂಡೆಗಳನ್ನು ಕಾಯಿಸಿ ಅವುಗಳ ಶಾಖದಲ್ಲಿ ಬೇಯಿಸುತ್ತಿದ್ದರೆಂದು ಕಾಣುತ್ತದೆ. ಪಕ್ಕದ ಸಣ್ಣ ಕೋಣೆಯಲ್ಲಿ ಮಣ್ಣಿನ ಕಣಜಗಳು: ಗೋಧಿ, ಬಾರ್ಲಿ, ಬಟಾಣಿ, ಚನ್ನಂಗಿ. ಕುರಿ, ಮೇಕೆ ಸಾಕಿದ್ದರು. ಕಾಡೆತ್ತನ್ನು ಬೇಟೆಯಾಡಿ ಊರೂಟ ಹಾಕುತ್ತಿದ್ದರು. ಅದರ ಕೊಂಬು, ತಲೆಬುರುಡೆಗಳಿಗೆ ಮಣ್ಣು ಮೆತ್ತಿ ಗೋಡೆಗೆ ಸೇರಿಸುತ್ತಿದ್ದರು.

ಉತ್ತರ ಮತ್ತು ಪೂರ್ವದ ಗೋಡೆಗಳ ಬದಿಗೆ ನೆಲದಿಂದ ಸ್ವಲ್ಪ ಎತ್ತರದ ಕಟ್ಟೆಗಳು. ಅವುಗಳ ಮೇಲೆ ಬಿಳಿ ಸಾರಣೆ, ಸಾರಣೆಯ ಮೇಲೆ ಚಾಪೆ ಹಾಸಿದ ಅಚ್ಚು. ಕುಳಿತುಕೊಳ್ಳುವುದು, ಮಲಗುವುದು ಇಲ್ಲೇ. ಗುಡಿಸಿ ಒರೆಸಿ ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದರೆಂದರೆ, ಈ ಕಟ್ಟೆಗಳ ಮೇಲೆ ಕಸದ ಚೂರು ಹುಡುಕಲು ಸೂಕ್ಷ್ಮದರ್ಶಕ ಬೇಕು. ಒಲೆಯ ಕಪ್ಪು ನೆಲ ಈ ಬಿಳಿ ನೆಲಕ್ಕೆ ಬರದ ಹಾಗೆ ನಡುವೆ ಸಣ್ಣ ದಿಂಡು.

ದೊಡ್ಡವರ ಶವಗಳನ್ನು ಹೂಳುತ್ತಿದ್ದದ್ದು ಈ ಬಿಳಿ ಕಟ್ಟೆಗಳ ಕೆಳಗೆ.

ಸಾರಣೆ ಎಂಬ ಕರ್ಮ

ಮೆಲಾರ್ಟ್ ಈ ಬಿಳಿ ಕೋಣೆಗಳನ್ನು, ಗೋಡೆಯ ಕೆಂಪು ಚಿತ್ರಗಳನ್ನು, ಎತ್ತಿನ ತಲೆಗಳನ್ನು, ಕಾಲ ಕೆಳಗಿನ ಎಲುಬುಗಳನ್ನು ಕಂಡು ಹಲವು ಕೋಣೆಗಳನ್ನು ಗುಡಿ ಎಂದು ಕರೆದರು. ಕಣಜವೊಂದರಲ್ಲಿ ಸಿಕ್ಕ, ಆಸನದ ಮೇಲೆ ಕುಳಿತ ದಪ್ಪ ಮೈಯ ಹೆಂಗಸಿನ ಗೊಂಬೆಯನ್ನು ಮಾತೃದೇವತೆ ಎಂದರು. ಆ ಮಾತು ಜಗತ್ತಿನ ತುಂಬ ಹರಡಿತು, ಇನ್ನೂ ಹರಡುತ್ತಲೇ ಇದೆ. ಹಾಡರ್ ತಂಡ ಅದೇ ಬಗೆಯ ಕೋಣೆಗಳ ನೆಲವನ್ನು ಪದರ ಪದರವಾಗಿ ಬಿಡಿಸಿ ನೋಡಿದಾಗ ಪ್ರತಿಯೊಂದರಲ್ಲೂ ಒಲೆ, ಬೂದಿ, ಕಾಳಿನ ಸಿಪ್ಪೆ, ಕಲ್ಲಿನ ಚಕ್ಕೆ ಸಿಕ್ಕವು. ಅವೆಲ್ಲ ಜನ ಅಡುಗೆ ಮಾಡಿಕೊಂಡು ಬದುಕಿದ ಮನೆಗಳು. ಗೊಂಬೆಯ ಕತೆ ಏನೇ ಇರಲಿ, ಹಾಡರ್ ತಂಡ ತಂದ ಈ ತಿದ್ದುಪಡಿಯೇ ನನಗೆ ಇಡೀ ಉತ್ಖನನದ ದೊಡ್ಡ ಲಾಭ ಅನ್ನಿಸುತ್ತದೆ. ಪೂಜೆ ಒಂದು ಕಡೆ, ಸಂಸಾರ ಇನ್ನೊಂದು ಕಡೆ ಎಂಬ ಗೆರೆ ಇಲ್ಲಿ ಎಳೆಯಲಾಗದು.

ಶವಸಂಸ್ಕಾರದ ವಿವರ ಎಲುಬುಗಳಿಂದಲೇ ತಿಳಿದದ್ದು. ರಣಹದ್ದುಗಳಿಗೆ ಶವ ಒಡ್ಡಿ, ಮಾಂಸ ಹೋದ ಮೇಲೆ ಎಲುಬು ತಂದು ಹೂಳುತ್ತಿದ್ದರೆಂದು ಮೆಲಾರ್ಟ್ ಭಾವಿಸಿದ್ದರು. ಗೋಡೆಚಿತ್ರಗಳಲ್ಲಿ ರಣಹದ್ದು ಮತ್ತು ತಲೆಯಿಲ್ಲದ ಮನುಷ್ಯರು ಇದ್ದರಲ್ಲ. ಆದರೆ ಹೆಚ್ಚಿನ ಅಸ್ಥಿಪಂಜರಗಳಲ್ಲಿ ಕೈಬೆರಳು, ಕಾಲ್ಬೆರಳುಗಳ ಸಣ್ಣ ಮೂಳೆಗಳು ಕೂಡ ಕೀಲಿಗೆ ಕೀಲು ಸೇರಿಕೊಂಡಿವೆ. ಬಯಲಲ್ಲಿ ಕೊಳೆತಿದ್ದರೆ ಮೊದಲು ಚದುರುತ್ತಿದ್ದವು ಅವೇ. ಹಾಗಾಗಿ ಬಹುಪಾಲು ಶವಗಳು ಮಾಂಸವಿರುವಾಗಲೇ ಮಣ್ಣು ಸೇರಿದ್ದವು. ಮೊಣಕಾಲು ಎದೆಗೆ ಮಡಚಿ, ಹಗ್ಗದಿಂದ ಬಿಗಿದು, ಚಾಪೆಯಲ್ಲಿ ಸುತ್ತಿ ಗುಂಡಿಗೆ ಇಳಿಸುತ್ತಿದ್ದರು, ಕೂಸುಗಳಿಗೆ ಬುಟ್ಟಿ. ಹಗ್ಗ, ಬುಟ್ಟಿ ಕೊಳೆತುಹೋಗಿವೆ, ಆದರೆ ಹುಲ್ಲಿನ ಜೀವಕೋಶದಲ್ಲಿದ್ದ ಸಿಲಿಕಾ ಬಿಳಿ ಪುಡಿಯಾಗಿ ಹೆಣಿಗೆಯ ವಿನ್ಯಾಸವನ್ನು ಮಣ್ಣಿನಲ್ಲಿ ಹಾಗೇ ಬಿಟ್ಟಿದೆ.

ಮಣ್ಣು ಮುಚ್ಚಿ, ಕಟ್ಟೆಗೆ ಮತ್ತೆ ಬಿಳಿ ಸಾರಣೆ ಬಳಿದು, ಚಾಪೆ ಹಾಸಿ ಸಂಸಾರ ಮುಂದುವರಿಸುತ್ತಿದ್ದರು. ಕೆಲ ಕಾಲದ ಮೇಲೆ ಅದೇ ಕಟ್ಟೆ ಒಡೆದು ಇನ್ನೊಬ್ಬರನ್ನು ಇಳಿಸುವಾಗ ಮೊದಲಿನವರ ಎಲುಬುಗಳನ್ನು ಬದಿಗೆ ಸರಿಸುತ್ತಿದ್ದರು. ಯಾರನ್ನು ಎಲ್ಲಿ ಹೂಳಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತೆನ್ನಲು ಇನ್ನೊಂದು ಸಾಕ್ಷಿಯಿದೆ: ಹೂತು ಬಹುಕಾಲವಾದ ಮೇಲೆ ಸರಿಯಾದ ಜಾಗದಲ್ಲಿ ಗುಂಡಿ ತೋಡಿ, ಉಳಿದ ಮೈಗೆ ಕೈಹಚ್ಚದೆ ತಲೆಬುರುಡೆಯನ್ನಷ್ಟೇ ತೆಗೆದುಕೊಂಡ ಉದಾಹರಣೆಗಳು ಸಿಕ್ಕಿವೆ.

ಇನ್ನು ಗೋಡೆಗಳು. ಊರಿನವರು ಬಿಳಿ ಜೇಡಿಯನ್ನು ಗೋಡೆಗೆ ತೆಳ್ಳಗೆ ಬಳಿಯುತ್ತಿದ್ದರು. ಒಲೆಯ ಹೊಗೆಗೆ ಅದು ಕಪ್ಪಾಗುತ್ತದೆ, ಮತ್ತೆ ಬಳಿಯಬೇಕು. ಗೋಡೆಯ ತುಂಡೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ನೂರಾರು ಗೆರೆಗಳು, ಮರದ ಕಾಂಡದ ಉಂಗುರಗಳ ಹಾಗೆ ಎಣಿಸಬಹುದು. ಹೆಚ್ಚಿನವು ಬರೀ ಬಿಳಿ. ಆದರೆ ನಡುನಡುವೆ ಕೆಂಪು ಬಣ್ಣದ ಪದರಗಳಿವೆ, ಕೆಲವೇ ದಿನ ಇದ್ದು ಮತ್ತೆ ಬಿಳಿಯಡಿಯಲ್ಲಿ ಮುಚ್ಚಿಹೋದಂಥವು. ಒಂದು ಮನೆಯ ಗೋಡೆಗೆ ಎಷ್ಟು ಸಲ ಬಣ್ಣ ಬಳಿದಿದ್ದಾರೆ ಮತ್ತು ಆ ಮನೆಯಡಿ ಎಷ್ಟು ಜನರನ್ನು ಹೂಳಿದ್ದಾರೆ ಎಂಬ ಎರಡು ಲೆಕ್ಕಗಳ ನಡುವೆ ಹೊಂದಾಣಿಕೆಯಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮನೆಯಲ್ಲಿ ಸಾವಾದಾಗ ಗೋಡೆಗೂ ಬಣ್ಣ ಬಳಿಯುತ್ತಿದ್ದರು ಎಂದು ಓದಬಹುದು. ಕೆಲವು ಶವಗಳಿಗೂ ಬಣ್ಣ ಸವರಿದ್ದಾರೆ.

ಇಲ್ಲಿ ಸತ್ತವರ ಸೇವೆ ಎಂಬುದು ಗುಡಿಸುವುದು, ಸಾರಿಸುವುದು, ಒಲೆ ನೋಡಿಕೊಳ್ಳುವುದು ಇವುಗಳಿಂದ ಬೇರೆಯಾದ ಕೆಲಸವಾಗಿರಲಿಲ್ಲ ಎಂದು ನಾನು ಹೇಳುವುದು ಇದನ್ನೆಲ್ಲ ನೋಡಿ. ಕಟ್ಟೆಗೆ ಸಾರಣೆ ಬಳಿಯುವವರ ಅಂಗೈ ಕೆಳಗೇ ಅವರ ಸತ್ತವರಿದ್ದರು. ಆ ಕೆಲಸ ಹೆಂಗಸರಿಗೆ ಮಾತ್ರ ಮೀಸಲು ಎನ್ನಲೂ ಆಧಾರವಿಲ್ಲ. ವಯಸ್ಸಾಗಿ ಸತ್ತವರ ಪಕ್ಕೆಲುಬುಗಳ ಒಳಬದಿಯಲ್ಲಿ ಇಂಗಾಲದ ಕಪ್ಪು ಅಂಟಿಕೊಂಡಿದೆ. ಜೀವಮಾನವಿಡೀ ಮನೆಯ ಹೊಗೆ ಕುಡಿದ ಶ್ವಾಸಕೋಶ ಕರಗಿಹೋದ ಮೇಲೆ ಉಳಿದ ಮಸಿ ಅದು, ಮತ್ತು ಗಂಡಸರಲ್ಲೂ ಇದೆ. ಊಟದಲ್ಲೂ ಗಂಡು ಹೆಣ್ಣಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲವೆಂದು ಎಲುಬಿನ ರಾಸಾಯನಿಕ ಪರೀಕ್ಷೆ ಹೇಳುತ್ತದೆ.

ಸತ್ತವರೆಲ್ಲ ಹಿರಿಯರೇ?

ಹಾಗಾದರೆ ಇದು ಪಿತೃಪೂಜೆಯೇ? ಇಲ್ಲಿ ಸ್ವಲ್ಪ ತಡೆಯಬೇಕು. ಮಾನವಶಾಸ್ತ್ರಜ್ಞ ಮೇಯರ್ ಫೋರ್ಟಿಸ್ 1930ರ ದಶಕದಲ್ಲಿ ಘಾನಾ ದೇಶದ ಉತ್ತರ ಭಾಗದ ತಲೆನ್ಸಿ ರೈತರ ನಡುವೆ ಇದ್ದು ಗಮನಿಸಿದ್ದು ಇದನ್ನೇ: ಸತ್ತವರೆಲ್ಲ ಹಿರಿಯರಾಗುವುದಿಲ್ಲ. ಹಿರಿಯನಾಗಬೇಕಾದರೆ ಹಿಂದೆ ಮಕ್ಕಳು ಮೊಮ್ಮಕ್ಕಳು ಇರಬೇಕು, ಅವರು ಕರ್ಮ ಮಾಡಬೇಕು. ಮಕ್ಕಳಿಲ್ಲದೆ ಹೋದವನು ಎಷ್ಟೇ ಒಳ್ಳೆಯವನಾದರೂ ಬರೀ ಸತ್ತವನು. ಶ್ರಾದ್ಧ ಮಾಡುವ ನಮ್ಮ ಮನೆಗಳಲ್ಲೂ ಹಾಲುಗೂಸು ತೀರಿಕೊಂಡರೆ ಸುಡದೆ ಹೂಳುತ್ತಾರೆ, ವರ್ಷ ವರ್ಷ ಎಡೆ ಇಡುವುದಿಲ್ಲ.

ಈ ವ್ಯತ್ಯಾಸ ಮರೆತರೆ ನೆಲದಡಿ ಸಿಕ್ಕ ಎಲುಬೆಲ್ಲ ಪಿತೃಪೂಜೆಯಾಗಿ ಕಾಣುತ್ತದೆ. ಜಾಸ್ತಿ ಜನ ಪುರಾತತ್ತ್ವಜ್ಞರು ಈ ಗುಂಡಿಗೆ ಬಿದ್ದಿದ್ದಾರೆಂದು ಜೇಮ್ಸ್ ವಿಟ್ಲಿ 2002ರಲ್ಲಿ ಗದರಿಸಿ ಬರೆದರು. ಅವರು ಮಾತಾಡುತ್ತಿದ್ದದ್ದು ಬ್ರಿಟನ್ನಿನ ಕಲ್ಲುಗೋರಿಗಳ ಬಗ್ಗೆ, ಆದರೆ ಮಾತು ಎಲ್ಲ ಕಡೆ ಸಲ್ಲುತ್ತದೆ. ಚತಲ್‌ಹೊಯುಕ್‌ನಲ್ಲಿ ನೆಲದಡಿ ಇರುವವರಲ್ಲಿ ಬಹಳಷ್ಟು ಜನ ಹಸುಗೂಸುಗಳು, ಸಣ್ಣ ಮಕ್ಕಳು. ಹುಟ್ಟುತ್ತಲೇ ಹೋದ ಕೂಸುಗಳನ್ನು ಹೆಚ್ಚಾಗಿ ಬಿಳಿ ಕಟ್ಟೆಗೆ ತರದೆ ಒಲೆಯ ಬದಿಯ ನೆಲದಲ್ಲೇ ಹೂಳಿದ್ದಾರೆ. ಅವರು ಯಾರಿಗೂ ಪೂರ್ವಜರಾಗಲು ಸಾಧ್ಯವಿಲ್ಲ. ಮನೆಯ ಮಕ್ಕಳು ಮನೆಯಲ್ಲೇ ಇರಲಿ ಎಂಬುದಕ್ಕಿಂತ ದೊಡ್ಡ ಅರ್ಥವನ್ನು ಅದರ ಮೇಲೆ ಹೇರಬೇಕಾಗಿಲ್ಲ.

ಆದರೆ ಕೆಲವು ಸತ್ತವರನ್ನು ಬೇರೆ ಥರ ನಡೆಸಿಕೊಂಡಿದ್ದಾರೆ. 2004ರಲ್ಲಿ ಸಿಕ್ಕ ಒಂದು ಗುಂಡಿಯಲ್ಲಿ ಒಬ್ಬ ಹೆಂಗಸು ಮಡಚಿ ಮಲಗಿದ್ದಾಳೆ, ತೋಳಿನಲ್ಲಿ ಒಂದು ತಲೆಬುರುಡೆಯನ್ನು ಅಪ್ಪಿಕೊಂಡು. ಆ ಬುರುಡೆಗೆ ಮಣ್ಣಿನ ಸಾರಣೆಯಿಂದ ಮುಖ ಮಾಡಿ, ಕೆಂಪು ಬಳಿದಿದ್ದಾರೆ, ಅದೂ ಒಂದಕ್ಕಿಂತ ಹೆಚ್ಚು ಸಲ. ಅಂದರೆ ಯಾರದೋ ತಲೆ ಬಹುಕಾಲ ಹೊರಗೇ ಇದ್ದು, ಕೈಯಿಂದ ಕೈಗೆ ಬಂದು, ಗೋಡೆಯಂತೆಯೇ ಆಗಾಗ ಹೊಸ ಸಾರಣೆ ಕಂಡಿತ್ತು. ಆ ಹೆಂಗಸನ್ನು ಹೂಳಿದ್ದು ಹೊಸ ಮನೆಯ ಪಾಯ ಹಾಕುವ ಹೊತ್ತಿನಲ್ಲಿ. ಇಂಥ ಮಣ್ಣುಮುಖದ ಬುರುಡೆಗಳು ಇನ್ನೂ ಹಳೆಯ ಜೆರಿಕೊದಲ್ಲಿ ಬೇಕಾದಷ್ಟಿವೆ; ಕ್ಯಾಥ್ಲೀನ್ ಕೆನ್ಯನ್ 1953ರಲ್ಲಿ ಅಲ್ಲಿ ಒಟ್ಟಿಗೆ ಏಳು ತೆಗೆದರು, ಕಣ್ಣಿನ ಜಾಗಕ್ಕೆ ಚಿಪ್ಪು ಕೂರಿಸಿದ್ದವು. ಚತಲ್‌ಹೊಯುಕ್‌ನಲ್ಲಿ ಇದು ಬಹಳ ಅಪರೂಪ. ಅಂಥ ಮನ್ನಣೆ ಕೆಲವರಿಗೆ ಮಾತ್ರ ಇತ್ತು ಎಂದಾಯಿತು.

ಮನೆಗಳಲ್ಲೂ ಹಾಗೆಯೇ ಭೇದ. ಎಷ್ಟೋ ಮನೆಗಳ ಕೆಳಗೆ ಐದಾರು ಜನ ಸಿಕ್ಕರೆ, ಹಾಡರ್ ತಂಡ ‘1ನೇ ಕಟ್ಟಡ’ ಎಂದು ಗುರುತಿಸಿದ ಮನೆಯ ಕೆಳಗೆ 60ಕ್ಕೂ ಹೆಚ್ಚು ಜನರಿದ್ದಾರೆ. ಒಂದು ಸಂಸಾರದಲ್ಲಿ ಅಷ್ಟು ಸಾವು ಆಗುವಷ್ಟು ಕಾಲ ಆ ಮನೆ ಬಾಳಲಿಲ್ಲ. ಬೇರೆ ಮನೆಯವರೂ ತಮ್ಮ ಸತ್ತವರನ್ನು ಅಲ್ಲಿಗೆ ತರುತ್ತಿದ್ದರು ಅನ್ನಬೇಕಾಗುತ್ತದೆ. ಇಂಥ ಮನೆಗಳು ಮತ್ತೆ ಮತ್ತೆ ಅದೇ ಜಾಗದಲ್ಲಿ ಎದ್ದಿವೆ, ಹೆಚ್ಚು ಚಿತ್ರ, ಹೆಚ್ಚು ಕೊಂಬು ಅವುಗಳಲ್ಲೇ. ಹಾಡರ್ ಇವನ್ನು ಇತಿಹಾಸದ ಮನೆಗಳು ಎಂದು ಕರೆದರು. 1ನೇ ಕಟ್ಟಡವನ್ನು ಬಿಟ್ಟು ಮಣ್ಣು ತುಂಬಿದ ಮೇಲೂ ಯಾರೋ ಮೇಲಿನಿಂದ ಗುಂಡಿ ತೋಡಿ, ಪಶ್ಚಿಮದ ಗೋಡೆಯಲ್ಲಿದ್ದ ಶಿಲ್ಪವನ್ನು ಕಿತ್ತುಕೊಂಡು ಹೋಗಿದ್ದಾರೆ. ಕೆಳಗೆ ಹೂತುಹೋದ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದು ಮೇಲಿನವರ ಬಾಯಲ್ಲಿ ಉಳಿದಿತ್ತು. ಅದೇ ಅವರ ಆಸ್ತಿ. ಸಂಪತ್ತಿನಲ್ಲಿ ಈ ಮನೆಗಳು ಪಕ್ಕದವಕ್ಕಿಂತ ದೊಡ್ಡವಲ್ಲ. ಕಣಜಗಳೂ ಅಷ್ಟೇ ಅಳತೆಯವು.

ರಕ್ತವೋ ಮನೆಯೋ

ಒಂದೇ ಮನೆಯಡಿ ಮಲಗಿದವರು ಒಂದೇ ವಂಶದವರೇ ಆಗಿರಬೇಕು ಎಂದು ಬಹುಕಾಲ ಎಲ್ಲರೂ ಊಹಿಸಿಕೊಂಡಿದ್ದರು. 2011ರಲ್ಲಿ ಮರಿನ್ ಪಿಲೌಡ್ ಮತ್ತು ಕ್ಲಾರ್ಕ್ ಲಾರ್ಸನ್ ಹಲ್ಲುಗಳ ಆಕಾರವನ್ನು ಹೋಲಿಸಿ ನೋಡಿದರು. ಹಲ್ಲಿನ ಉಬ್ಬುತಗ್ಗುಗಳು ವಂಶದಲ್ಲಿ ಬರುತ್ತವೆ. ಒಂದೇ ಮನೆಯವರ ಹಲ್ಲುಗಳು ಊರಿನ ಬೇರೆಯವರ ಹಲ್ಲಿಗಿಂತ ಹೆಚ್ಚು ಹೋಲುತ್ತಿರಲಿಲ್ಲ. 2021ರಲ್ಲಿ ಡಿಎನ್‌ಎ ಪರೀಕ್ಷೆ ಅದಕ್ಕೆ ಬಲ ಕೊಟ್ಟಿತು. ಇದಕ್ಕಿಂತ ಹಳೆಯ ಆಶಿಕ್ಲಿ ಮತ್ತು ಬೊಂಜುಕ್ಲು ಎಂಬ ಊರುಗಳಲ್ಲಿ ಜೊತೆಗೆ ಹೂತವರು ಬಹಳ ಸಲ ಒಡಹುಟ್ಟಿದವರು, ತಾಯಿ ಮಕ್ಕಳು. ಬೊಂಜುಕ್ಲು ಇರುವುದು ಚತಲ್‌ಹೊಯುಕ್‌ನಿಂದ ಹತ್ತೇ ಕಿಲೋಮೀಟರ್ ಆಚೆ. ಚತಲ್‌ಹೊಯುಕ್‌ನಲ್ಲಿ ಮಾತ್ರ ಒಂದೇ ಮನೆಯ ಮಕ್ಕಳು ಹೆಚ್ಚಿನಂಶ ಪರಸ್ಪರ ರಕ್ತಸಂಬಂಧಿಗಳಲ್ಲ.

2025ರಲ್ಲಿ 131 ಜನರ ಜೀನೋಮ್ ಇಟ್ಟುಕೊಂಡು ಬಂದ ಅಧ್ಯಯನ ಚಿತ್ರವನ್ನು ಇನ್ನಷ್ಟು ಬಿಡಿಸಿತು. ಊರಿನ ಮೊದಲ ಶತಮಾನಗಳಲ್ಲಿ ಮನೆಯೊಳಗೆ ರಕ್ತಸಂಬಂಧ ಗಟ್ಟಿಯಾಗಿಯೇ ಇತ್ತು, ಬರಬರುತ್ತ ಸಡಿಲವಾಯಿತು. ಎಲ್ಲ ಕಾಲದಲ್ಲೂ ಕಾಣುವುದು ತಾಯಿಯ ಕಡೆಯ ಎಳೆ. ಹೆಣ್ಣುಮಕ್ಕಳು ಹುಟ್ಟಿದ ಮನೆಗೇ ಸೇರಿದವರಾಗಿ ಉಳಿದಿದ್ದಾರೆ. ಗಂಡುಮಕ್ಕಳು ದೊಡ್ಡವರಾದ ಮೇಲೆ ಬೇರೆ ಮನೆಗೆ ಹೋಗಿದ್ದಾರೆ. ಹೆಣ್ಣು ಕೂಸುಗಳ ಸಮಾಧಿಯಲ್ಲಿ ಇಟ್ಟ ವಸ್ತುಗಳು ಗಂಡು ಕೂಸುಗಳದ್ದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಇದನ್ನು ಓದಿದ ಕೆಲವರು ಮೆಲಾರ್ಟರ ಮಾತೃದೇವತೆ ಗೆದ್ದಳು ಎಂದು ಸಂಭ್ರಮಿಸಿದರು. ಅದು ಅವಸರ. ಮನೆ ತಾಯಿಯಿಂದ ಮಗಳಿಗೆ ಬರುವುದು ಬೇರೆ, ಊರನ್ನು ಹೆಂಗಸರು ಆಳುವುದು ಬೇರೆ, ದೇವರು ಹೆಣ್ಣಾಗಿರುವುದು ಬೇರೆಯೇ. ಅಳಿಯಸಂತಾನ ಕಂಡ ತುಳುನಾಡಿನವರಿಗೆ ಮೊದಲ ಎರಡರ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ.

ರಕ್ತ ಸಡಿಲವಾದರೂ ಮನೆ ಬಿಗಿಯಾಗಿಯೇ ಉಳಿದದ್ದು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಸಂಬಂಧವಿಲ್ಲದ ಮಕ್ಕಳನ್ನೂ ಅದೇ ಕಟ್ಟೆಗೆ ಇಳಿಸಿ, ಅದೇ ಸಾರಣೆ ಬಳಿದು, ಆ ಮನೆಯವರನ್ನಾಗಿ ಮಾಡಿಕೊಂಡಿದ್ದಾರೆ. ದತ್ತು ತೆಗೆದುಕೊಂಡಿದ್ದರೋ, ಸಾಕಲು ಕೊಟ್ಟಿದ್ದರೋ, ಅಂತೂ ವಂಶವನ್ನು ಕಟ್ಟಿದ್ದು ಹುಟ್ಟಿನಷ್ಟೇ ಕೈಕೆಲಸ ಕೂಡ.

ಈ ಏರ್ಪಾಡು ಕೊನೆಯ ತನಕ ನಡೆಯಲಿಲ್ಲ. ಕ್ರಿ.ಪೂ. 6500ರ ನಂತರ ಮನೆಗಳು ಒಂದರಿಂದ ಒಂದು ದೂರ ಸರಿದವು, ಅದೇ ಪಾಯದ ಮೇಲೆ ಕಟ್ಟುವ ಪಟ್ಟು ಸಡಿಲಿತು. ಕೊನೆಗಾಲದ ಪದರದಲ್ಲಿ ಸತ್ತವರಿಗೆಂದೇ ಮಾಡಿದ, ಗೋಡೆಯಲ್ಲಿ ಸುರುಳಿ ಕೆತ್ತಿದ ಕೋಣೆಯೊಂದು ಸಿಕ್ಕಿದೆ. ಆಮೇಲೆ ಜನ ಪಕ್ಕದ ಪಶ್ಚಿಮ ದಿಬ್ಬಕ್ಕೆ ಹೋದರು. ಅಲ್ಲಿನ ಮನೆಗಳ ನೆಲದಡಿ ದೊಡ್ಡವರ ಸಮಾಧಿಗಳು ಸಿಗುವುದಿಲ್ಲ. ಹಿಂಡು ದೊಡ್ಡದಾಗಿ, ಪ್ರತಿ ಮನೆಯೂ ತನ್ನ ದುಡಿಮೆಯ ಮೇಲೆ ನಿಲ್ಲಲು ಕಲಿತ ಮೇಲೆ ನೂರು ವರ್ಷದ ಹಿಂದಿನ ಒಂದು ತಲೆಗೆ ಊರನ್ನು ಕಟ್ಟಿಹಾಕುವ ಬಲ ಇರಲಿಲ್ಲ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಬಳ್ಳಾರಿಯ ಬಂಡೆಗಳ ನಡುವೆ

ಮನೆಯ ಆವರಣದಲ್ಲೇ ಹೂಳುವ ರೂಢಿ ನಮ್ಮಲ್ಲೂ ಇತ್ತು, ಚತಲ್‌ಹೊಯುಕ್‌ಗೂ ಅದಕ್ಕೂ ಯಾವ ನಂಟೂ ಇಲ್ಲದೆ. ಕ್ರಿ.ಪೂ. 3000ದಿಂದ 1200ರ ನಡುವೆ ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆಯ ಗುಡ್ಡಗಳಲ್ಲಿ ದನ ಕಾಯುತ್ತ, ಹುರುಳಿ, ಹೆಸರು, ಕೊರಲೆ ಬೆಳೆದುಕೊಂಡಿದ್ದ ನವಶಿಲಾಯುಗದ ಜನರಿದ್ದರು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್, ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ವಸತಿಯ ನಡುವೆಯೇ ಸಮಾಧಿಗಳು ಸಿಕ್ಕವು. ದೊಡ್ಡವರನ್ನು ಉದ್ದಕ್ಕೆ ಮಲಗಿಸಿದ್ದರು, ಕೂಸುಗಳನ್ನು ಮಡಕೆಯೊಳಗಿಟ್ಟು ಹೂತಿದ್ದರು. ಯಾದಗಿರಿ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರಿಗೂ ಮಕ್ಕಳ ಸಮಾಧಿಗಳೇ ಕಂಡವು.

ಇದನ್ನು ಪಿತೃಪೂಜೆ ಎನ್ನಲು ನನಗೆ ಮನಸ್ಸಾಗದು. ಇವರ ಗುಡಿಸಲುಗಳು ದುಂಡನೆಯವು, ತಡಿಕೆಗೆ ಮಣ್ಣು ಮೆತ್ತಿದಂಥವು. ಒಂದರ ಮೇಲೊಂದು ಅದೇ ಪಾಯದಲ್ಲಿ ಸಾವಿರ ವರ್ಷ ಎದ್ದ ಮನೆಗಳಲ್ಲ. ತಲೆ ತೆಗೆದು ಮುಖ ಮಾಡಿ ಇಟ್ಟುಕೊಂಡ ಕುರುಹೂ ಇಲ್ಲ. ತಲೆಮಾರುಗಳು ಕೈಜೋಡಿಸಿ ಎತ್ತರಿಸಿದ್ದು ಏನನ್ನಾದರೂ ಇದ್ದರೆ ಅದು ಬೂದಿದಿಬ್ಬ. ದನದ ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ ಆಗಾಗ ಸುಟ್ಟು, ಅದರ ಮೇಲೇ ಮತ್ತೆ ಗುಡ್ಡೆ ಹಾಕಿ ಸುಟ್ಟು ಬೆಳೆಸಿದ ದಿಬ್ಬಗಳವು, ಕುಡತಿನಿಯದ್ದು ಹೆಸರಾದದ್ದು. ಅವರ ಮಟ್ಟಿಗೆ ಹಿಂದಿನವರನ್ನು ಮುಂದಿನವರಿಗೆ ಕಟ್ಟಿದ ಜಾಗ ಮನೆಗಿಂತ ದೊಡ್ಡಿ ಎನ್ನಬಹುದು.

ಸತ್ತವರಿಗೆಂದೇ ಬೇರೆ ಊರು ಬಂದದ್ದು ಕಬ್ಬಿಣಯುಗದಲ್ಲಿ, ಕಲ್ಲುಚಪ್ಪಡಿಗಳ ಮನೆ ಕಟ್ಟಿ ಬೆಟ್ಟದ ಮೇಲೆ ಸಾಲಾಗಿ ನಿಲ್ಲಿಸಿದಾಗ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ ಅಂಥ ನೂರಾರು ಕಟ್ಟಡಗಳಿವೆ. ಆ ಸುತ್ತಿನವರು ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಇನ್ನು ಹಂಪಿಯ ಪಕ್ಕದ ನಿಂಬಾಪುರದ ಬೂದಿದಿಬ್ಬವನ್ನು ಸುಗ್ರೀವನ ಅಣ್ಣ ವಾಲಿಯನ್ನು ಸುಟ್ಟ ಜಾಗವೆಂದು ತೋರಿಸುತ್ತಾರೆ. ಒಳಗಿರುವುದು ಸಗಣಿಯ ಬೂದಿ.